ಕ್ಯಾಮರಾ ಕೊಳ್ಳುವ ಮುನ್ನ

ಕೈಯಲ್ಲಿರುವ ಹಣ ಸ್ವಲ್ಪ. ಅಂಗಡಿಯ ಗಾಜಿನ ಕಪಾಟಿನಲ್ಲಿರುವ ಕ್ಯಾಮರಾಗಳು ಹತ್ತಾರು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಮೆಗಾಪಿಕ್ಸೆಲುಗಳ ಸಂಖ್ಯೆಯನ್ನು ನೋಡಿ, ಅದು ಹೆಚ್ಚಿದಷ್ಟೂ ಚಿತ್ರ ಚೆನ್ನಾಗಿ ಬಂದೀತೆಂದು ಬಗೆದು, ವರ್ಷಗಟ್ಟಲೆ ಕೂಡಿಟ್ಟ ಹಣವನ್ನೆಲ್ಲ ಅದಕ್ಕೇ ಸುರಿದು ಬರುವ ವಿದ್ಯಾರ್ಥಿಗಳುಂಟು. ಆಮೇಲೆ ಸಂಜೆಯ ಮಂದ ಬೆಳಕಿನಲ್ಲಿ, ಮನೆಯೊಳಗೆ, ತಂಗಿಯ ಚಿತ್ರವನ್ನು ತೆಗೆದು ನೋಡಿದರೆ ಮುಖವೆಲ್ಲ ಮಸುಕು. ನೆರಳಿನ ತುಂಬ ರವೆ ಚೆಲ್ಲಿದಂತೆ ಚುಕ್ಕೆಗಳು! ಯಾವುದಕ್ಕೆ ಬೆಲೆ ಕೊಡಬೇಕೆಂಬುದನ್ನು ಮೊದಲೇ ಅರಿತಿದ್ದರೆ ಈ ನಿರಾಶೆಗೆ ಕಾರಣವಿರುತ್ತಿರಲಿಲ್ಲ.

ಡಿಜಿಟಲ್ ಕ್ಯಾಮರಾದಲ್ಲಿ ಫಿಲ್ಮಿನ ಸ್ಥಾನವನ್ನು ಸಿಲಿಕಾನಿನ ಪುಟ್ಟ ಫಲಕವೊಂದು ಆಕ್ರಮಿಸಿಕೊಂಡಿದೆ. ಇದನ್ನು ಸಂವೇದಕ ಅಥವಾ ಸೆನ್ಸರ್ ಎನ್ನುತ್ತಾರೆ. ಇಂತಹ ಫಲಕಗಳಿಗೆ ದಾರಿ ತೆರೆದವರು ಅಮೆರಿಕದ ಬೆಲ್ ಪ್ರಯೋಗಾಲಯದ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್. 1969ರಲ್ಲಿ ಅವರು ಕಂಡುಹಿಡಿದ ಸಾಧನಕ್ಕೆ 2009ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. 1975ರಲ್ಲಿ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮರಾದಲ್ಲಿ ಇದ್ದ ಪಿಕ್ಸೆಲುಗಳು ಕೇವಲ 10,000. ಸುಮಾರು 3.6 ಕಿಲೋಗ್ರಾಂ ತೂಗುತ್ತಿದ್ದ ಆ ಯಂತ್ರ ಒಂದು ಚಿತ್ರವನ್ನು ಕ್ಯಾಸೆಟ್ಟಿನ ಸುರುಳಿಯ ಮೇಲೆ ಬರೆದು ಮುಗಿಸಲು 23 ಸೆಕೆಂಡುಗಳನ್ನು ತೆಗೆದುಕೊಳ್ಳುತ್ತಿತ್ತು.

ಫಲಕದ ಮೇಲಿನ ಪಿಕ್ಸೆಲುಗಳನ್ನು, ಮಳೆಗಾಲದಲ್ಲಿ ಅಂಗಳದ ತುಂಬ ಹರಡಿಟ್ಟ ಬಟ್ಟಲುಗಳೆಂದು ಭಾವಿಸಿರಿ. ಮಳೆಯ ಹನಿಗಳ ಬದಲು ಇಲ್ಲಿ ಬೀಳುವುವು ಬೆಳಕಿನ ಕಣಗಳು, ಅಂದರೆ ಫೋಟಾನುಗಳು. ಸಮನಾದ ಬೆಳಕು ಬಿದ್ದರೂ ಎಲ್ಲ ಬಟ್ಟಲುಗಳಿಗೂ ಸರಿಸಮವಾಗಿ ಕಣಗಳು ಬೀಳುವುದಿಲ್ಲ. ಸರಾಸರಿ 100 ಕಣಗಳು ಬೀಳುವಲ್ಲಿ ಸುಮಾರು 10ರಷ್ಟು, ಎಂದರೆ ನೂರಕ್ಕೆ ಹತ್ತು, ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಸರಾಸರಿ 10,000 ಬೀಳುವಲ್ಲಿ ವ್ಯತ್ಯಾಸ ಸುಮಾರು 100. ಅದು ನೂರಕ್ಕೆ ಒಂದು ಮಾತ್ರ. ಈ ಏರುಪೇರೇ ಚಿತ್ರದಲ್ಲಿ ರವೆಯಂತೆ ಕಾಣಿಸುತ್ತದೆ. ಸಂಖ್ಯಾಶಾಸ್ತ್ರದ ಈ ನಿಯಮದಿಂದ ಎಷ್ಟೇ ಬೆಲೆಯುಳ್ಳ ಕ್ಯಾಮರಾಕ್ಕೂ ವಿನಾಯಿತಿಯಿಲ್ಲ. ಹೆಚ್ಚು ಬೆಳಕನ್ನು ಹಿಡಿಯುವುದೇ ಇದಕ್ಕಿರುವ ಮುಖ್ಯ ಪರಿಹಾರ.

ಆದುದರಿಂದ ಮೊದಲು ವಿಚಾರಿಸತಕ್ಕದ್ದು ಅಂಗಳದ ವಿಸ್ತಾರವನ್ನು. ಜೇಬಿನಲ್ಲಿಡುವ ಅಗ್ಗದ ಕ್ಯಾಮರಾಗಳಲ್ಲಿ ಸಂವೇದಕದ ವಿಸ್ತೀರ್ಣ ಸಾಮಾನ್ಯವಾಗಿ ಸುಮಾರು 28 ಚದರ ಮಿಲಿಮೀಟರು. ಮಸೂರವನ್ನು ಬದಲಾಯಿಸಬಹುದಾದ ಸಾಧಾರಣ ಬೆಲೆಯ ಕ್ಯಾಮರಾಗಳಲ್ಲಿರುವ ‘ಎಪಿಎಸ್-ಸಿ’ ಫಲಕದ್ದು ಹೆಚ್ಚುಕಡಿಮೆ 366 ಚದರ ಮಿಲಿಮೀಟರು; ಹದಿಮೂರು ಪಟ್ಟು! ಇನ್ನು ಪಿಕ್ಸೆಲುಗಳ ಮಾತು. 12 ಅಂಗುಲ ಉದ್ದ, 8 ಅಂಗುಲ ಅಗಲದ ಚಿತ್ರವನ್ನು ಅಂಗುಲಕ್ಕೆ 300 ಬಿಂದುಗಳಂತೆ ಸೊಗಸಾಗಿ ಮುದ್ರಿಸಲು 86 ಲಕ್ಷ ಪಿಕ್ಸೆಲುಗಳು, ಎಂದರೆ ಒಂಬತ್ತು ಮೆಗಾಪಿಕ್ಸೆಲಿಗೂ ಕಡಿಮೆ ಸಾಕು. ಹನ್ನೆರಡು ಮೆಗಾಪಿಕ್ಸೆಲಿನಿಂದ ಇಪ್ಪತ್ತನಾಲ್ಕಕ್ಕೆ ಏರಿದರೂ ಚಿತ್ರದ ಉದ್ದಗಲಗಳು ಬೆಳೆಯುವುದು 1.4 ಪಟ್ಟು ಮಾತ್ರ. ಹತ್ತು ವರ್ಷ ಹಳೆಯ ಕ್ಯಾಮರಾ ವಿದ್ಯಾರ್ಥಿಗೆ ಏಕೆ ಸಾಲದೆಂದು ನಾನು ಕೇಳುವುದು ಈ ಲೆಕ್ಕವನ್ನು ನೆಚ್ಚಿಯೇ.

ಅಂಗಳಕ್ಕಿಂತಲೂ ಮುಖ್ಯವಾದುದು ಬೆಳಕು ಒಳಬರುವ ಕಿಂಡಿ. ಮಸೂರದ ಮೇಲೆ ಎಫ್/1.8, ಎಫ್/5.6 ಎಂದು ಬರೆದಿರುವುದನ್ನು ನೀವು ಕಂಡಿರಬಹುದು. ಸಂಗಮದೂರವನ್ನು ಈ ಅಂಕಿಯಿಂದ ಭಾಗಿಸಿದರೆ ಕಿಂಡಿಯ ವ್ಯಾಸ ದೊರೆಯುತ್ತದೆ. 50 ಮಿಲಿಮೀಟರು ಸಂಗಮದೂರದ ಮಸೂರದಲ್ಲಿ ಎಫ್/1.8 ಎಂದರೆ ಸುಮಾರು 28 ಮಿಲಿಮೀಟರಿನ ಕಿಂಡಿ, ಎಫ್/5.6 ಎಂದರೆ ಸುಮಾರು ಒಂಬತ್ತು. ವಿಸ್ತೀರ್ಣಗಳನ್ನು ಹೋಲಿಸಿದರೆ ಮೊದಲನೆಯದು ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕನ್ನು ಒಳಬಿಡುತ್ತದೆ. ಬೇಲೂರಿನ ದೇವಾಲಯದ ನವರಂಗದಂತಹ ನಸುಗತ್ತಲೆಯಲ್ಲಿ ಸೆಕೆಂಡಿನ ಆರನೆಯ ಒಂದು ಭಾಗ ಕೈ ಅಲುಗದೆ ನಿಲ್ಲಬೇಕಾದೆಡೆ, ಅರವತ್ತನೆಯ ಒಂದು ಭಾಗದಲ್ಲಿ ಕೆಲಸ ಮುಗಿಯುತ್ತದೆ. ಅಂತಹ ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಮುಕ್ಕಾಲಿಯನ್ನು ಊರಲು ಬಾರದಾದುದರಿಂದ ಈ ಲಾಭ ಸಣ್ಣದಲ್ಲ.

ಕ್ಯಾಮರಾದ ಜೊತೆಯಲ್ಲಿಯೇ ಬರುವ, 18ರಿಂದ 55 ಮಿಲಿಮೀಟರಿನವರೆಗೆ ಹೊಂದಿಸಬಹುದಾದ ಮಸೂರಗಳಲ್ಲಿ ಉದ್ದನೆಯ ಕೊನೆಗೆ ಸಿಕ್ಕುವ ಕಿಂಡಿ ಸಾಮಾನ್ಯವಾಗಿ ಎಫ್/5.6 ಮಾತ್ರ. ಹಾಗಿರುವಲ್ಲಿ ಎಫ್/1.8ರ 50 ಮಿಲಿಮೀಟರಿನ ಮಸೂರ ಬಹಳ ದುಬಾರಿಯಾಗಿರಬೇಕಲ್ಲವೆ? ಇಲ್ಲ! ಮಸೂರಗಳ ಪೈಕಿ ಅಗ್ಗವಾದವುಗಳಲ್ಲಿ ಅದೂ ಒಂದು. ಅದರಲ್ಲಿ ಸಂಗಮದೂರ ಬದಲಾಗುವುದಿಲ್ಲವಾದುದರಿಂದ ಗಾಜುಗಳು ಕೆಲವೇ. ಜರ್ಮನಿಯ ಪಾಲ್ ರುಡಾಲ್ಫ್ 1896ರಲ್ಲಿ ಜೈಸ್ ಸಂಸ್ಥೆಗಾಗಿ ರಚಿಸಿದ ‘ಪ್ಲಾನಾರ್’ ಎಂಬ ಮಸೂರದ ಸಂತತಿಯೇ ಇದು. ಒಂದು ಶತಮಾನಕ್ಕೂ ಮೀರಿ ತಿದ್ದಿ ತೀಡಿದ ವಿನ್ಯಾಸ. ಚಿಕ್ಕ ಕೋಣೆಯಲ್ಲಿ ಇಡೀ ಕುಟುಂಬವನ್ನು ಚಿತ್ರದೊಳಗೆ ಸೇರಿಸಲು ಅದು ಬಾರದು, ನಿಜ. ಆ ಕೆಲಸಕ್ಕೆ ಜೊತೆಯ ಮಸೂರವೇ ಇದೆ.

ಕೀಟಗಳನ್ನೋ ಹೂವಿನ ಕೇಸರಗಳನ್ನೋ ಚಿತ್ರಿಸಬಯಸುವ ಜೀವಶಾಸ್ತ್ರದ ವಿದ್ಯಾರ್ಥಿಗಳು ಬೆಲೆಬಾಳುವ ವಿಶೇಷ ಮಸೂರಕ್ಕಾಗಿ ಕಾಯಬೇಕಾಗಿಲ್ಲ. ಮಸೂರಕ್ಕೂ ಕ್ಯಾಮರಾಕ್ಕೂ ನಡುವೆ, ಗಾಜೇ ಇಲ್ಲದ ಟೊಳ್ಳು ಕೊಳವೆಯೊಂದನ್ನು ಸೇರಿಸಿದರೆ ಸಾಕು. ಅನಂತದೂರಕ್ಕೆ ಹೊಂದಿಸಿದ 50 ಮಿಲಿಮೀಟರಿನ ಮಸೂರವನ್ನು ಇನ್ನೂ 50 ಮಿಲಿಮೀಟರು ಮುಂದೆ ಸರಿಸಿದಾಗ ಇರುವೆಯ ಬಿಂಬ ಇರುವೆಯಷ್ಟೇ ಉದ್ದವಾಗಿ ಫಲಕದ ಮೇಲೆ ಮೂಡುತ್ತದೆ; ಕಾಲೇಜಿನಲ್ಲಿ ಕಲಿತ ಮಸೂರದ ಸೂತ್ರದಿಂದ ನೀವೇ ಇದನ್ನು ತಾಳೆ ನೋಡಬಹುದು. ಆದರೆ ಬಿಂಬದ ಪ್ರಕಾಶ ಕಾಲುಭಾಗಕ್ಕೆ ಇಳಿಯುವುದರಿಂದ ಒಳ್ಳೆಯ ಬಿಸಿಲು ಬೇಕು. ವಿದ್ಯುತ್ ಸಂಪರ್ಕಗಳಿಲ್ಲದ ತೀರ ಅಗ್ಗದ ಕೊಳವೆಗಳ ಮೂಲಕ ಹೊಸ ಮಸೂರಗಳ ಕಿಂಡಿಯನ್ನು ಹೊಂದಿಸಲಾಗದು. ಉಂಗುರವನ್ನು ತಿರುಗಿಸಿ ಹೊಂದಿಸುವ ಹಳೆಯ ಮಸೂರಗಳಿಗೆ ಈ ತೊಡಕಿಲ್ಲ.

ಬಳಸಿದ ಕ್ಯಾಮರಾವನ್ನು ಕೊಳ್ಳುವುದರಲ್ಲಿ ಹಿಂಜರಿಕೆ ಬೇಡ. ತಯಾರಕರು ಕನ್ನಡಿಯಿಲ್ಲದ ಹೊಸ ಮಾದರಿಗಳ ಕಡೆ ತಿರುಗಿದ ಮೇಲೆ, ಕನ್ನಡಿಯುಳ್ಳ ಒಳ್ಳೊಳ್ಳೆಯ ಕ್ಯಾಮರಾಗಳು ಕಡಿಮೆ ಬೆಲೆಗೆ ಕೈ ಬದಲಾಯಿಸುತ್ತಿವೆ. ಅವುಗಳ ಷಟರು ಎಷ್ಟು ಸಲ ತೆರೆದು ಮುಚ್ಚಿದೆಯೆಂಬುದನ್ನು ಕೇಳಿ ತಿಳಿಯಿರಿ. ಒಂದು ಲಕ್ಷ ಸಲವೆಂಬುದು ಅನೇಕ ಮಾದರಿಗಳಿಗೆ ತಯಾರಕರು ಹೇಳುವ ಆಯುಸ್ಸು. ಮಸೂರ ಸೇರಿದ ಮಾತ್ರಕ್ಕೆ ಎಲ್ಲವೂ ನಡೆಯುವುದೆಂದು ನಂಬಬೇಡಿರಿ. ನಿಕಾನಿನ ‘ಎಫ್’ ಜೋಡಣೆ 1959ರಷ್ಟು ಹಳೆಯದಾದರೂ, ಅದರ ಡಿ3000, ಡಿ5000 ಶ್ರೇಣಿಗಳ ಕ್ಯಾಮರಾಗಳ ಒಡಲಿನಲ್ಲಿ ಮಸೂರವನ್ನು ಚಲಿಸುವ ಮೋಟಾರಿಲ್ಲ. ತನ್ನದೇ ಮೋಟಾರಿಲ್ಲದ ಮಸೂರವನ್ನು ಅವುಗಳಲ್ಲಿ ಕೈಯಿಂದಲೇ ತಿರುಗಿಸಬೇಕು.

ಉಳಿದ ಸಲಕರಣೆಗಳಲ್ಲಿ ಭದ್ರವಾದ ಮುಕ್ಕಾಲಿಗೆ ಅಗ್ರಸ್ಥಾನ. ಗಾಳಿಗೆ ಓಲಾಡುವ ಮುಕ್ಕಾಲಿ ಇದ್ದೂ ಇಲ್ಲದಂತೆ. ಅಂಗಡಿಯವರು ಒತ್ತಾಯದಿಂದ ಮಾರುವ ನೇರಿಳಾತೀತ ಕಿರಣಗಳ ಶೋಧಕದಿಂದ ಡಿಜಿಟಲ್ ಚಿತ್ರಕ್ಕೆ ಪ್ರಯೋಜನ ಅತ್ಯಲ್ಪ. ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮೈಯೂ ನೂರಕ್ಕೆ ನಾಲ್ಕರಷ್ಟು ಬೆಳಕನ್ನು ಹಿಂದಕ್ಕೆ ಚಿಮ್ಮಿಸುತ್ತದೆಂಬುದನ್ನು ನೆನಪಿಡಿರಿ. ಕೆರೆಯ ನೀರಿನ ಮೇಲಿನ ಥಳಕನ್ನು ತಗ್ಗಿಸುವ ಧ್ರುವೀಕಾರಕದ ಮಾತು ಬೇರೆ. ಅದು ಮಾಡುವುದನ್ನು ಆಮೇಲೆ ಕಂಪ್ಯೂಟರಿನಲ್ಲಿ ಮಾಡಲಾಗದು. ನೆನಪಿನ ಕಾರ್ಡುಗಳಲ್ಲಿ ನಕಲಿಗಳು ಹೇರಳವಾದುದರಿಂದ, ಕೊಂಡೊಡನೆ ಪೂರ್ತಿ ತುಂಬಿಸಿ ಓದಿಸಿ ನೋಡತಕ್ಕದ್ದು.

ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಸೂರಕ್ಕೆ ಬೂಷ್ಟೇ ದೊಡ್ಡ ಶತ್ರು. ಹಳೆಯ ಮಸೂರವನ್ನು ಕೊಳ್ಳುವಾಗ ಹಿಂದಿನಿಂದ ಓರೆಯಾಗಿ ಟಾರ್ಚು ಹಾಯಿಸಿ ನೋಡಿರಿ. ಜೇಡರ ಬಲೆಯಂತಹ ಎಳೆಗಳು ಕಂಡರೆ ಎಷ್ಟೇ ಅಗ್ಗವಾದರೂ ಬೇಡ. ಮಳೆಗಾಲದಲ್ಲಿ ಚರ್ಮದ ಚೀಲದಿಂದ ಹೊರತೆಗೆದು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳುಗಳೊಡನೆ ಇಡುವುದು ಕ್ಷೇಮ. ನೀಲಿಯ ಹರಳುಗಳು ತೇವವನ್ನು ಹೀರಿ ಗುಲಾಬಿ ಬಣ್ಣಕ್ಕೆ ತಿರುಗಿದಾಗ ಹದವಾಗಿ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತವೆ. ಆ ಬಣ್ಣ ಕೋಬಾಲ್ಟಿನ ಲವಣದ್ದು, ವಿಷಕರ. ಅಡುಗೆಯ ಪಾತ್ರೆಯಲ್ಲಿ ಅದನ್ನು ಕಾಯಿಸತಕ್ಕದ್ದಲ್ಲ.