ಸ್ವಂತ ಆವರಣದಲ್ಲಿ ಲಾರಿಯ ಆಕ್ಸಲ್ ಬದಲಾವಣೆ: ಜಾಕ್ ಎತ್ತುವ ಮುನ್ನದ ಲೆಕ್ಕ

ಸ್ವಂತ ಲಾರಿ ಇಟ್ಟುಕೊಂಡಿರುವ ವರ್ತಕರ ಹಾಗೂ ಸಣ್ಣ ಉದ್ದಿಮೆದಾರರ ಜಮಾ-ಖರ್ಚಿನಲ್ಲಿ ‘ವಾಹನ ದುರಸ್ತಿ’ ಎಂಬ ಖಾತೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಇರುತ್ತದೆ. ಟೈರು, ಬ್ರೇಕ್ ಲೈನರ್, ಕಮಾನುಪಟ್ಟಿಗಳ ಖರ್ಚು ಚೂರುಚೂರಾಗಿ ಬರುವುದರಿಂದ ಅಷ್ಟಾಗಿ ಕಣ್ಣಿಗೆ ಬೀಳದು. ಹಿಂದಿನ ಆಕ್ಸಲಿನ ಹೌಸಿಂಗ್ ಬಿರುಕು ಬಿಟ್ಟಿತೆಂದರೆ ಮಾತ್ರ ಮಾಲೀಕರು ಪೆನ್ನು ಹಿಡಿದು ಕೂರುತ್ತಾರೆ. ಗ್ಯಾರೇಜಿನವರು ಹೇಳಿದ ಕೂಲಿಯನ್ನು ಕೇಳಿದ ಮೇಲೆ, ಗಿರಣಿಯ ಆವರಣದಲ್ಲಿ ಜಾಗವಿದೆ, ಫಿಟ್ಟರ್ ಇದ್ದಾನೆ, ಚಾಲಕನಿಗೂ ಕೆಲಸ ಗೊತ್ತು, ಇಲ್ಲೇ ಬದಲಾಯಿಸಿದರೇನು ಎಂಬ ಯೋಚನೆ ಬರುವುದು ಸಹಜ. ಯೋಚನೆ ತಪ್ಪೇನಲ್ಲ. ಆದರೆ ಅದರಿಂದ ಉಳಿತಾಯವಾಗುವುದೋ ನಷ್ಟವಾಗುವುದೋ ಎಂಬುದು ಸ್ಪ್ಯಾನರ್ ಹಿಡಿಯುವುದಕ್ಕೆ ಮೊದಲೇ, ಯಾವ ಆಕ್ಸಲ್ ಮತ್ತು ಯಾವ ತಿಂಗಳು ಎಂಬ ಎರಡು ಪ್ರಶ್ನೆಗಳಲ್ಲಿ ಬಹುಮಟ್ಟಿಗೆ ನಿರ್ಧಾರವಾಗಿರುತ್ತದೆ.

ಮೊದಲನೆಯ ಪ್ರಶ್ನೆಯಲ್ಲಿಯೇ ಅನೇಕರು ಎಡವುತ್ತಾರೆ. ಹೇಗೂ ಬದಲಾಯಿಸುವುದಾದರೆ ಇನ್ನೂ ಭಾರಿಯಾದ ಆಕ್ಸಲನ್ನೇ ಹಾಕಿಸಿ ಎರಡು ಟನ್ ಹೆಚ್ಚು ಹೇರಬಹುದೆಂಬುದು ಅವರ ಎಣಿಕೆ. ಕಾನೂನು ಈ ಎಣಿಕೆಯನ್ನು ಒಪ್ಪುವುದಿಲ್ಲ. ಕೇಂದ್ರ ಸರ್ಕಾರವು 2018ರ ಜುಲೈ ತಿಂಗಳ ಅಧಿಸೂಚನೆಯಲ್ಲಿ ನಾಲ್ಕು ಟೈರುಗಳ ಒಂಟಿ ಆಕ್ಸಲಿನ ಭಾರಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೂ, ಜೋಡಿ ಆಕ್ಸಲಿನ ಮಿತಿಯನ್ನು 19 ಟನ್ನಿನಿಂದ 21 ಟನ್ನಿಗೂ ಏರಿಸಿದ್ದು ನಿಜ. ಆದರೆ ತಯಾರಕರು ಪ್ರಮಾಣೀಕರಿಸಿದ ಭಾರ, ಅಧಿಸೂಚನೆಯ ಮಿತಿ ಮತ್ತು ಟೈರುಗಳ ಹೊರುವ ಶಕ್ತಿ, ಈ ಮೂರರಲ್ಲಿ ಯಾವುದು ಕಡಿಮೆಯೋ ಅದೇ ಅನ್ವಯಿಸುತ್ತದೆ. ಆಕ್ಸಲ್ ಎಷ್ಟೇ ಗಟ್ಟಿಯಾಗಿದ್ದರೂ ಚಾಸಿ, ಬ್ರೇಕು, ಸ್ಟೀರಿಂಗ್ ಹಳೆಯವೇ ಆಗಿರುತ್ತವೆ, ಆರ್.ಸಿ. ಪುಸ್ತಕದಲ್ಲಿರುವ ಒಟ್ಟು ತೂಕವೂ ಹಾಗೆಯೇ ಉಳಿಯುತ್ತದೆ. ಹೆಚ್ಚು ಹೇರಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯನ್ವಯ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ 20,000 ರೂ. ದಂಡ, ಮಿತಿ ಮೀರಿದ ಪ್ರತಿ ಟನ್ನಿಗೆ ಮತ್ತೆ 2,000 ರೂ., ಇದರ ಮೇಲೆ ಸರಕು ಇಳಿಸುವ ಖರ್ಚು.

ಇದೇ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅನುಮತಿಯಿಲ್ಲದ ಮಾರ್ಪಾಡಿಗೆ 182ಎ ಕಲಮಿನ ಪ್ರಕಾರ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಅಥವಾ ಎರಡೂ ಆಗಬಹುದು. ಅಪಘಾತವಾದಾಗ ವಿಮಾ ಕಂಪನಿಯ ಸರ್ವೇಯರ್ ಕೇಳುವ ಪ್ರಶ್ನೆಗಳು ಬೇರೆ. ಆದ್ದರಿಂದ ಸ್ವಂತ ಆವರಣದಲ್ಲಿ ಮಾಡಬಹುದಾದ ಕೆಲಸವೆಂದರೆ ಹಳೆಯದರ ಸ್ಥಾನದಲ್ಲಿ ಅದೇ ಮಾದರಿಯ ಇನ್ನೊಂದು ಆಕ್ಸಲನ್ನು ಕೂಡಿಸುವುದು ಮಾತ್ರ.

‘ಅದೇ ಮಾದರಿ’ ಎಂಬುದನ್ನೂ ಕಣ್ಣಳತೆಯಿಂದ ನಿರ್ಧರಿಸಲಾಗದು. ಹೊರಗಿನಿಂದ ಒಂದೇ ತೆರನಾಗಿ ಕಾಣುವ ಎರಡು ಆಕ್ಸಲುಗಳ ಒಳಗೆ ಕ್ರೌನ್-ಪಿನಿಯನ್ ಹಲ್ಲುಗಳ ಅನುಪಾತ ಬೇರೆಯಾಗಿರಬಹುದು. 41 ಹಲ್ಲಿನ ಕ್ರೌನಿಗೆ 7 ಹಲ್ಲಿನ ಪಿನಿಯನ್ ಇದ್ದರೆ ಅನುಪಾತ 5.86, ಪಿನಿಯನ್ ಹಲ್ಲು 6 ಆದರೆ 6.83. ಎರಡನೆಯದನ್ನು ಹಾಕಿದ ಲಾರಿ ಘಟ್ಟವನ್ನು ಸಲೀಸಾಗಿ ಏರೀತು. ಆದರೆ ಬಯಲಿನ ಹೆದ್ದಾರಿಯಲ್ಲಿ ಅದೇ ವೇಗಕ್ಕೆ ಎಂಜಿನ್ ಶೇ. 16ಕ್ಕೂ ಹೆಚ್ಚು ಸುತ್ತಬೇಕಾಗುತ್ತದೆ. ಡೀಸೆಲ್ ಖಾತೆ ಅದನ್ನು ತಿಂಗಳೊಳಗೆ ಹೇಳುತ್ತದೆ. ವೇಗದ ಅಳತೆ ಗೇರ್‌ಬಾಕ್ಸಿನಿಂದ ಹೋಗುವ ಲಾರಿಗಳಲ್ಲಿ ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ, ವೇಗನಿಯಂತ್ರಕದ ಹೊಂದಾಣಿಕೆಯೂ ಕೆಡುತ್ತದೆ. ಹೌಸಿಂಗ್ ಮೇಲಿನ ಫಲಕದ ಸಂಖ್ಯೆ ಮತ್ತು ಚಾಸಿ ಸಂಖ್ಯೆಯನ್ನು ಬರೆದುಕೊಂಡು ಅಧಿಕೃತ ಮಾರಾಟಗಾರರಲ್ಲಿ ತಾಳೆ ನೋಡುವುದಕ್ಕೆ ಅರ್ಧ ದಿನ ಸಾಕು. ಆಟೋಮೋಟಿವ್ ಆಕ್ಸಲ್ಸ್ ಕಂಪನಿ 1981ರಲ್ಲಿ ಸ್ಥಾಪನೆಯಾಗಿ ಮೈಸೂರಿನಲ್ಲೇ ಇರುವಾಗ, ಕನ್ನಡನಾಡಿನ ಲಾರಿ ಮಾಲೀಕರು ಅಂದಾಜಿನ ಮೇಲೆ ಆಕ್ಸಲ್ ಕೊಳ್ಳಬೇಕಾದ ದುರ್ದೆಸೆಯೇನೂ ಇಲ್ಲ. ಹಳೆಯ ಮಾಲನ್ನೇ ಕೊಳ್ಳುವವರು ಬೆಂಗಳೂರಿನ ಶಿವಾಜಿನಗರಕ್ಕೆ ಹೋಗಲಿ, ಊರಿನ ಗುಜರಿಗೆ ಹೋಗಲಿ, ಬಿಲ್ಲಿಲ್ಲದೆ ತರಬಾರದು. ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಆ ಖರ್ಚೇ ಅಮಾನ್ಯವಾಗುತ್ತದೆ.

ಇನ್ನು ತಿಂಗಳಿನ ಪ್ರಶ್ನೆ. ಗಂಗಾವತಿಯ ಕಡೆಯ ಒಂದು ಅಕ್ಕಿ ಗಿರಣಿಯನ್ನು ಕಲ್ಪಿಸಿಕೊಂಡು, ಕೇವಲ ಲೆಕ್ಕದ ಸಲುವಾಗಿ ಕೆಲವು ಅಂಕಿಗಳನ್ನು ಇಡಬಹುದು. ಲಾರಿ ನಿಂತರೆ ದಿನಕ್ಕೆ 4,000 ರೂ. ನಷ್ಟ. ಗ್ಯಾರೇಜಿನ ಕೂಲಿ 15,000 ರೂ., ಕೆಲಸ ಎರಡು ದಿನ. ಸ್ವಂತ ಆವರಣದಲ್ಲಿ ಮೆಕ್ಯಾನಿಕ್ ಕೂಲಿ ಮತ್ತು ಸಾಧನಗಳ ಬಾಡಿಗೆ ಸೇರಿ 8,000 ರೂ., ಆದರೆ ನಾಲ್ಕು ದಿನ. ಭತ್ತದ ಕೊಯ್ಲು ನಡೆಯುವ ನವೆಂಬರ್-ಡಿಸೆಂಬರಿನಲ್ಲಿ ಗ್ಯಾರೇಜಿನ ನಿಜವಾದ ವೆಚ್ಚ 23,000 ರೂ., ಆವರಣದ್ದು 24,000 ರೂ.; ಉಳಿದದ್ದು ಏನೂ ಇಲ್ಲ. ಅದೇ ಕೆಲಸವನ್ನು ಲಾರಿ ಹೇಗೂ ನಿಂತಿರುವ ಆಗಸ್ಟಿನಲ್ಲಿ ಮಾಡಿದರೆ 7,000 ರೂ. ಶುದ್ಧ ಉಳಿತಾಯ. ಮಳೆಗಾಲವಾದ್ದರಿಂದ ಛಾವಣಿಯಡಿಯ ಜಾಗ ಬೇಕು, ಅಷ್ಟೇ. ಬಿರುಕು ಕಂಡುಬಂದದ್ದು ಕೊಯ್ಲಿನ ನಡುವೆಯಾದರೆ ಗ್ಯಾರೇಜೇ ಸರಿ. ಆಗಸ್ಟಿನವರೆಗೆ ಬೆಸುಗೆ ಹಾಕಿಸಿ ಓಡಿಸುವ ಸಾಹಸ ಬೇಡ. ತುಂಬಿದ ಲಾರಿಯ ಭಾರದ ಬಹುಪಾಲು ಹಿಂದಿನ ಆಕ್ಸಲಿನ ಮೇಲೆಯೇ ಕುಳಿತಿರುತ್ತದೆ.

ಆವರಣವೆಂದರೆ ಎಂಥ ಆವರಣ ಎಂಬುದು ಪ್ರಾಣದ ವಿಷಯ. ಮಣ್ಣಿನ ನೆಲದಲ್ಲಿ ಜಾಕ್ ಹೂತುಹೋಗುತ್ತದೆ. ಸಮತಟ್ಟಾದ, ಗಟ್ಟಿ ಕಾಂಕ್ರೀಟು ನೆಲವಿಲ್ಲದವರು ಈ ಯೋಜನೆಯನ್ನು ಇಲ್ಲಿಗೇ ಕೈಬಿಡುವುದು ಲೇಸು. ಪೂರ್ಣ ಆಕ್ಸಲ್ ಅರ್ಧ ಟನ್ ಮೀರುವುದುಂಟು. ಅದನ್ನು ಗಿರಣಿಯ ಛಾವಣಿಯ ಟ್ರಸ್ಸಿಗೆ ಚೈನ್ ಪುಲ್ಲಿ ಕಟ್ಟಿ ಎತ್ತುವ ಪರಿಪಾಠ ಕೆಲವೆಡೆ ಇದೆ. ಆ ಟ್ರಸ್ಸು ತಗಡು ಹೊರಲು ಮಾಡಿದ್ದೇ ಹೊರತು ಆಕ್ಸಲ್ ಹೊರಲು ಅಲ್ಲ. ಫೋರ್ಕ್‌ಲಿಫ್ಟ್ ಅಥವಾ ಗಟ್ಟಿ ಟ್ರಾಲಿಯನ್ನು ಬಾಡಿಗೆಗೆ ತರಬೇಕು. ಹೈಡ್ರಾಲಿಕ್ ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಸೀಲ್ ಸೋರಿದರೆ ಲಾರಿ ಕೆಳಗಿಳಿಯುತ್ತದೆ. ಚಾಸಿಯನ್ನು ಎರಡೂ ಬದಿಯಲ್ಲಿ ತಕ್ಕ ಸಾಮರ್ಥ್ಯದ ಸ್ಟ್ಯಾಂಡುಗಳ ಮೇಲೆ ಕೂಡಿಸಿದ ನಂತರವೇ ಯಾರಾದರೂ ಅಡಿಗೆ ಹೋಗಬೇಕು. ಸಿಮೆಂಟ್ ಇಟ್ಟಿಗೆಗಳನ್ನು ಪೇರಿಸುವುದಂತೂ ಸಲ್ಲದು. ಅವು ಸೂಚನೆ ಕೊಡದೆ ಪುಡಿಯಾಗುತ್ತವೆ.

ಇದಕ್ಕಿಂತ ಮರೆವಾಗಿರುವ ಅಪಾಯ ಗಾಳಿ ಬ್ರೇಕಿನದು. ಸ್ಪ್ರಿಂಗ್ ಬ್ರೇಕಿನ ಡಬ್ಬಿಯೊಳಗೆ ಬಲವಾದ ಸ್ಪ್ರಿಂಗನ್ನು ಅದುಮಿ ಇಟ್ಟಿರುತ್ತಾರೆ. ಅದರ ಕ್ಲ್ಯಾಂಪನ್ನು ಬಿಚ್ಚಿದವನಿಗೆ ಮುಚ್ಚಳ ಗುಂಡಿನಂತೆ ಬಡಿದು ಸಾವು ಸಂಭವಿಸಬಹುದು. ಗಾಳಿ ಟ್ಯಾಂಕಿನಲ್ಲಿ ಒತ್ತಡವಿರುವಾಗಲೇ ಅದರ ಬಂಧನದ ಬೋಲ್ಟನ್ನು ಹಾಕಿ ಸ್ಪ್ರಿಂಗನ್ನು ಬಿಗಿದು, ಬಳಿಕ ಟ್ಯಾಂಕನ್ನು ಖಾಲಿ ಮಾಡಬೇಕು, ಡಬ್ಬಿಯನ್ನು ಬಿಚ್ಚಲೇಬಾರದು. ಸ್ಪ್ರಿಂಗ್ ಬಿಗಿದ ಕ್ಷಣದಿಂದ ಲಾರಿಗೆ ಹ್ಯಾಂಡ್‌ಬ್ರೇಕ್ ಇರುವುದಿಲ್ಲ. ಹಾಗಾಗಿ ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಗಟ್ಟೆ ಇಡುವುದು ಇಡೀ ಕೆಲಸದ ಮೊದಲ ಹೆಜ್ಜೆ. ಕೆಲಸದ ವೇಳೆ ನೌಕರನಿಗೆ ಪೆಟ್ಟಾದರೆ ಪರಿಹಾರದ ಹೊಣೆ ಮಾಲೀಕರದೇ ಎಂಬುದು 1923ರ ಕಾಯ್ದೆಯ ಕಾಲದಿಂದ ಬಂದಿರುವ ನಿಯಮ. ಏಳು ಸಾವಿರದ ಉಳಿತಾಯದ ಪಕ್ಕದಲ್ಲಿ ಈ ಬಾಬ್ತನ್ನೂ ಬರೆದು ನೋಡಬೇಕು.

ಡಿಫರೆನ್ಷಿಯಲ್ಲನ್ನು ಆವರಣದಲ್ಲಿ ಬಿಚ್ಚುವುದು ಬೇಡ. ಕ್ರೌನ್-ಪಿನಿಯನ್ ನಡುವಿನ ಸಡಿಲವನ್ನು ಡಯಲ್ ಗೇಜಿನಿಂದ ಹೊಂದಿಸುವುದು ಆ ಕೆಲಸವನ್ನೇ ಮಾಡುವವರ ಪಾಲಿನದು. ಜೋಡಿಸಿ ಬಂದ ಪೂರ್ಣ ಆಕ್ಸಲನ್ನು ತಂದು ಕೂಡಿಸುವುದಷ್ಟೇ ಇಲ್ಲಿಯ ಕೆಲಸ. ಯು-ಬೋಲ್ಟುಗಳು ಹೊಸವೇ ಆಗಿರಬೇಕು. ಮುಂದಿನ ಹ್ಯಾಂಗರ್ ಪಿನ್ನಿನಿಂದ ಆಕ್ಸಲಿಗಿರುವ ದೂರ ಎರಡೂ ಬದಿಯಲ್ಲಿ ಸಮನಾಗಿರಬೇಕು, ಇಲ್ಲವಾದರೆ ಲಾರಿ ಓರೆಯಾಗಿ ಓಡಿ ಟೈರು ಸವೆಸುತ್ತದೆ. ಗಾಳಿರಂಧ್ರ ಕಟ್ಟಿದ್ದರೆ ಆಯಿಲ್ ಸೀಲ್ ದಾಟಿ ಬ್ರೇಕ್ ಲೈನರಿಗೆ ಇಳಿಯುತ್ತದೆ. ಎ.ಬಿ.ಎಸ್. ಇರುವ ಲಾರಿಗಳಲ್ಲಿ ಸೆನ್ಸರ್ ತಂತಿಗಳನ್ನು ಗುರುತು ಮಾಡಿಟ್ಟುಕೊಳ್ಳಬೇಕು. ಹೊರೆ ಹೊತ್ತು ಕೆಲವು ನೂರು ಕಿ.ಮೀ. ಓಡಿದ ಮೇಲೆ ಯು-ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಮಾಡುವ ದಿನಾಂಕವನ್ನು ಚಾಲಕನ ಪುಸ್ತಕದಲ್ಲಿ ಬರೆಸಿಡುವುದು ಒಳ್ಳೆಯದು.

ತೆರಿಗೆಯ ಮಟ್ಟಿಗೆ, ಅದೇ ಮಾದರಿಯ ಆಕ್ಸಲ್ ಹಾಕಿದ ಖರ್ಚನ್ನು ಸಾಮಾನ್ಯವಾಗಿ ಚಾಲ್ತಿ ದುರಸ್ತಿಯೆಂದು ಆಯಾ ವರ್ಷದಲ್ಲೇ ಕಳೆಯಬಹುದು. ಇರುವ ಆಸ್ತಿಯನ್ನು ಉಳಿಸಿಕೊಳ್ಳುವ ಖರ್ಚು ಮಾತ್ರ ಚಾಲ್ತಿ ದುರಸ್ತಿ ಎಂದು ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಬಾಡಿಗೆಗೆ ಲಾರಿ ಓಡಿಸುತ್ತ ಅಂದಾಜು ಆದಾಯದ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಈ ಖರ್ಚಿನ ಪ್ರತ್ಯೇಕ ಕಡಿತ ಸಿಗದು. ವಾಹನದ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 28ರ ಬದಲು ಶೇ. 18 ಆಗಿದೆ. ಸರಕು ಲಾರಿಯ ಭಾಗಗಳ ಮೇಲೆ ಇನ್‌ಪುಟ್ ತೆರಿಗೆ ಜಮೆಗೆ ಅಡ್ಡಿಯಿಲ್ಲ. ಆದರೆ ಮಾರುವ ಮಾಲು ತೆರಿಗೆಗೆ ಒಳಪಟ್ಟಿರಬೇಕು. ಇಪ್ಪತ್ತೈದು ಕಿಲೋ ಮೀರಿದ ಚೀಲಕ್ಕೆ ತೆರಿಗೆಯಿಲ್ಲವೆಂದು 2022ರ ಜುಲೈ ನಂತರ 26 ಕಿಲೋ ಚೀಲಕ್ಕೆ ತಿರುಗಿದ ಗಿರಣಿಗಳು, ಅಷ್ಟು ಮಾರಾಟದ ಪಾಲಿಗೆ ಆಕ್ಸಲಿನ ತೆರಿಗೆಯನ್ನೂ ಕೈಯಿಂದಲೇ ಹಾಕಿಕೊಳ್ಳಬೇಕು.

ಬಿಚ್ಚಿದ ಹಳೆಯ ಆಕ್ಸಲ್ ಹೆಚ್ಚಾಗಿ ಗೋದಾಮಿನ ಮೂಲೆಯಲ್ಲಿ ತುಕ್ಕು ಹಿಡಿಯುತ್ತದೆ, ಇಲ್ಲವೇ ಚಾಲಕನ ಚಹಾ ಖರ್ಚಿಗೆ ಗುಜರಿ ಸೇರುತ್ತದೆ. ಹೌಸಿಂಗ್ ಬಿರುಕು ಬಿಟ್ಟಿದ್ದರೂ ಹಬ್, ಡ್ರಮ್, ಶಾಫ್ಟುಗಳಿಗೆ ಬೆಲೆಯುಂಟು. ಅದನ್ನು ತೂಗಿಸಿ, ಬಿಲ್ಲು ಹರಿದು, ಬಂದ ಮೊತ್ತವನ್ನು ಅದೇ ವರ್ಷದ ದುರಸ್ತಿ ಖಾತೆಗೆ ಜಮಾ ಮಾಡಬೇಕು.