ಖಾಲಿ ಪಟ್ಟಿಯ ಬಗೆ

ರಾಮನಗರದ ಸರ್ಕಾರಿ ರೇಷ್ಮೆ ಗೂಡು ಮಾರುಕಟ್ಟೆಗೆ ಕನಕಪುರ, ಮಾಗಡಿ, ಚನ್ನಪಟ್ಟಣದ ಕಡೆಯ ಬೆಳೆಗಾರರು ತರುವ ಗೂಡನ್ನು ಲಾಟುಗಳಾಗಿ ಇರಿಸಲಾಗುತ್ತದೆ. ಅವುಗಳಿಗೆ ಗೂಡಿನಿಂದ ನೂಲು ಬಿಚ್ಚುವ ರೀಲರುಗಳು ಇ-ಹರಾಜಿನಲ್ಲಿ ಬಿಡ್ ಸಲ್ಲಿಸುತ್ತಾರೆ. ಇಂಥ ಹರಾಜಿನ ಲೆಕ್ಕವಿಡುವ ಪ್ರೋಗ್ರಾಂ ಒಂದನ್ನು ಜಾವಾ ಭಾಷೆಯಲ್ಲಿ ಬರೆಯುವುದಾದರೆ, ಮೊದಲ ಬಿಡ್ ಬರುವ ಮುನ್ನವೇ ಪ್ರತಿ ಲಾಟಿಗೂ ಒಂದು ಖಾಲಿ ಪಟ್ಟಿ ಸಿದ್ಧವಿರಬೇಕು.

ಜಾವಾ ಸ್ಥಿರ ಬಗೆಯ ಭಾಷೆ. ಅಂದರೆ ಸಂಖ್ಯೆ, ಹೆಸರು, ಬಿಡ್ ಮೊದಲಾದ ದತ್ತಾಂಶದ ಬಗೆಗಳನ್ನು ಪ್ರೋಗ್ರಾಂ ಓಡುವ ಮುನ್ನವೇ ಕಂಪೈಲರ್ ಪರಿಶೀಲಿಸುತ್ತದೆ. ಯಾವ ಬಗೆಯ ವಸ್ತುವಿಗಾದರೂ ಒದಗುವಂತೆ ರಚಿಸಿ, ಆ ಬಗೆಯನ್ನು ಬಳಸುವಾಗ ಸೂಚಿಸುವ ಪಟ್ಟಿಗೆ ಜೆನೆರಿಕ್ ಎಂದು ಹೆಸರು. ತುಂಬಿದ ಪಟ್ಟಿಯ ಬಗೆಯನ್ನು ಅದರ ಒಳಗಿರುವುದನ್ನು ನೋಡಿ ಊಹಿಸಬಹುದು, ಖಾಲಿ ಪಟ್ಟಿಯಲ್ಲಿ ಅಂಥ ಯಾವ ಸುಳಿವೂ ಇರುವುದಿಲ್ಲ.

2004ರಲ್ಲಿ ಜೆನೆರಿಕ್ ಸೌಲಭ್ಯ ಬರುವವರೆಗೆ ಜಾವಾದ ಪಟ್ಟಿಗೆ ಏನನ್ನು ಬೇಕಾದರೂ ಸೇರಿಸಬಹುದಿತ್ತು. ಬಿಡ್‌ಗಳ ನಡುವೆ ಬೆಳೆಗಾರನ ಹೆಸರು ನುಸುಳಿದ್ದರೆ ಅದು ಪತ್ತೆಯಾಗುತ್ತಿದ್ದುದು ಹೊರತೆಗೆಯುವಾಗ, ಹರಾಜಿನ ನಟ್ಟನಡುವೆ. ಜೆನೆರಿಕ್ ಬಂದ ಮೇಲೆ, ಪಟ್ಟಿಯನ್ನು ಸೃಷ್ಟಿಸುವ ಸಾಲಿನಲ್ಲಿ ಬಗೆಯನ್ನು ಸಮಚಿಹ್ನೆಯ ಎರಡೂ ಬದಿಗೆ ಕೋನಾವರಣದೊಳಗೆ ಬರೆಯಬೇಕಾಯಿತು. 2011ರ ಜಾವಾ 7 ಬಲಬದಿಯ ಕೋನಾವರಣವನ್ನು ಬರಿದಾಗಿ ಬಿಡಲು ಅವಕಾಶ ಕೊಟ್ಟಿತು. ಆಕಾರದಿಂದಾಗಿ ಡೈಮಂಡ್ ಎನಿಸಿಕೊಂಡ ಈ ಗುರುತನ್ನು ಕಂಡ ಕಂಪೈಲರ್ ಎಡಬದಿಯಿಂದ ಬಗೆಯನ್ನು ತಿಳಿದುಕೊಳ್ಳುತ್ತದೆ. 2018ರ ಜಾವಾ 10 ಎಡಬದಿಯಲ್ಲಿಯೂ ಬಗೆಯ ಬದಲು 'ವಾರ್' ಎಂದಷ್ಟೇ ಬರೆಯಲು ಬಿಟ್ಟಿತು. ಎರಡು ಕಡೆಯೂ ಬಗೆಯನ್ನು ಕೈಬಿಟ್ಟರೆ ಮಾತ್ರ ಅದು ಎಲ್ಲ ವಸ್ತುಗಳಿಗೂ ಮೂಲವಾದ 'ಆಬ್ಜೆಕ್ಟ್' ಬಗೆಯ ಪಟ್ಟಿಯಾಗಿ, 2004ಕ್ಕೂ ಹಿಂದಿನ ಅಪಾಯ ಸದ್ದಿಲ್ಲದೆ ಮರಳುತ್ತದೆ. ಇದಕ್ಕೆ ಪ್ರತಿಯಾಗಿ, ರಸ್ಟ್ ಎಂಬ ಇನ್ನೊಂದು ಭಾಷೆಯ ಕಂಪೈಲರ್ ಮುಂದಿನ ಸಾಲುಗಳನ್ನೂ ಓದಿ, ಪಟ್ಟಿಗೆ ಏನನ್ನು ಸೇರಿಸಲಾಗಿದೆ ಎಂಬುದರಿಂದ ಬಗೆಯನ್ನು ನಿರ್ಧರಿಸುತ್ತದೆ. ಸುಳಿವು ಸಿಗದಿದ್ದರೆ ಪ್ರೋಗ್ರಾಮನ್ನೇ ಒಪ್ಪುವುದಿಲ್ಲ. ಈ ಹಟವೇ ಹೆಚ್ಚು ಸುರಕ್ಷಿತ.

ಖಾಲಿ ಪಟ್ಟಿಯನ್ನು 'ನಲ್' ಎಂದರೆ ಪಟ್ಟಿಯೇ ಇಲ್ಲದ ಸ್ಥಿತಿಯೊಂದಿಗೆ ಬೆರೆಸುವುದು ಇನ್ನೂ ದೊಡ್ಡ ತಪ್ಪು. ನಲ್ ಅನ್ನು 1965ರಲ್ಲಿ ರೂಪಿಸಿದ ಟೋನಿ ಹೋರ್ ಅವರೇ ಮುಂದೆ ಅದನ್ನು ನೂರು ಕೋಟಿ ಡಾಲರಿನ ತಪ್ಪೆಂದು ಕರೆದರು. ಹರಾಜಿಗಿಟ್ಟ ಲಾಟಿಗೆ ಯಾರೂ ಬಿಡ್ ಸಲ್ಲಿಸದಿದ್ದರೆ ಪಟ್ಟಿ ಖಾಲಿ, ಅದರ ಉದ್ದ ಸೊನ್ನೆ. ಪಟ್ಟಿಯನ್ನೇ ಸಿದ್ಧಪಡಿಸದಿದ್ದರೆ ಉದ್ದ ಕೇಳಿದೊಡನೆ ಪ್ರೋಗ್ರಾಂ ದೋಷ ತೋರಿಸಿ ನಿಲ್ಲಬಹುದು. ಖಾಲಿ ಪಟ್ಟಿಯ ಮೊತ್ತ ಸೊನ್ನೆಯಾದರೂ ಅದಕ್ಕೆ ಸರಾಸರಿ ಇರುವುದಿಲ್ಲವಾದ್ದರಿಂದ, ಅಂಥ ಲಾಟಿನ ಎದುರು ಧಾರಣೆ ಸೊನ್ನೆ ಎಂದಲ್ಲ, ಬಿಡ್ ಬಂದಿಲ್ಲ ಎಂದೇ ದಾಖಲಾಗಬೇಕು.