ಕಡಲಂಚಿನ ಮೂರು ಹಾಸ್ಟೆಲ್‌ಗಳು

ಸ್ಕಾಟ್ಲೆಂಡಿನ ಪಶ್ಚಿಮ ತೀರದಾಚೆ ಅಟ್ಲಾಂಟಿಕ್ ಸಾಗರದ ಗಾಳಿಗೆ ನೇರವಾಗಿ ಎದೆಯೊಡ್ಡಿದ ದ್ವೀಪಸಾಲೊಂದಿದೆ. ಹೆಸರು ಔಟರ್ ಹೆಬ್ರಿಡೀಸ್. ಉತ್ತರದ ಲೂಯಿಸ್‌ನಿಂದ ದಕ್ಷಿಣದ ಬ್ಯಾರಾ ಆಚೆಯವರೆಗೂ ಸುಮಾರು 200 ಕಿ.ಮೀ. ಉದ್ದ. ಅಷ್ಟು ಉದ್ದಕ್ಕೂ ಹರಡಿಕೊಂಡಿರುವ ಜನ ಕೇವಲ 26 ಸಾವಿರದ ಆಸುಪಾಸು. ಮರಗಳಂತೂ ಹುಡುಕಿದರೆ ಸಿಗಬೇಕು. ಬ್ಯಾರಾದಲ್ಲಿ ವಿಮಾನ ಇಳಿಯುವುದೇ ಕಡಲತೀರದ ಮರಳಿನ ಮೇಲೆ. ಉಬ್ಬರ ಬಂದರೆ ರನ್‌ವೇ ನೀರೊಳಗೆ. ಇಂಥ ಕಡೆ ಬೆನ್ನಿಗೆ ಚೀಲ ಏರಿಸಿ ಹೊರಟವನು ರಾತ್ರಿ ಎಲ್ಲಿ ಮಲಗಬೇಕು?

ಈ ಪ್ರಶ್ನೆಗೆ ಅರವತ್ತು ವರ್ಷಗಳಿಗೂ ಹಿಂದೆ ಉತ್ತರ ಹುಡುಕಿದವರು ಹರ್ಬರ್ಟ್ ಗ್ಯಾಟ್ಲಿಫ್. ಇಂಗ್ಲೆಂಡಿನ ಸರ್ಕಾರಿ ನೌಕರ, ಅಲ್ಲಿನ ಯೂತ್ ಹಾಸ್ಟೆಲ್ ಚಳವಳಿಯ ಹಳೆಯ ಕಾರ್ಯಕರ್ತ. ನಗರದ ಹುಡುಗ ಹುಡುಗಿಯರು ದ್ವೀಪವನ್ನು ನೋಡಿಕೊಂಡು ಹೋದರೆ ಸಾಲದು, ಅಲ್ಲಿನ ಸಣ್ಣ ಹಿಡುವಳಿ ರೈತರ ನಡುವೆ ನಾಲ್ಕು ದಿನ ಇರಬೇಕು ಎಂಬುದು ಅವರ ಹಟ. 1961ರಲ್ಲಿ ಅವರು ಕಟ್ಟಿದ ಟ್ರಸ್ಟ್ ಶುರುಮಾಡಿದ ಕೆಲಸ ಇಂದು ಗ್ಯಾಟ್ಲಿಫ್ ಹೆಬ್ರಿಡಿಯನ್ ಹಾಸ್ಟೆಲ್ಸ್ ಟ್ರಸ್ಟ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ, ಹೆಚ್ಚುಪಾಲು ಸ್ವಯಂಸೇವಕರ ದುಡಿಮೆಯಿಂದ. ಅದರ ಕೈಯಲ್ಲಿರುವುದು ಮೂರೇ ಹಾಸ್ಟೆಲ್: ಹ್ಯಾರಿಸ್‌ನ ರೆನಿಗಿಡೇಲ್, ಬರ್ನರೇ ದ್ವೀಪದ್ದೊಂದು, ಸೌತ್ ಉಯಿಸ್ಟ್‌ನ ಹೋಮೋರ್. ಹೊಸ ಕಟ್ಟಡ ಎಬ್ಬಿಸುವ ಗೋಜಿಗೆ ಟ್ರಸ್ಟ್ ಹೋಗಲಿಲ್ಲ. ಊರಿನ ಹಳೆಯ ಮನೆಗಳನ್ನೇ ರಿಪೇರಿ ಮಾಡಿ ಮಂಚ ಹಾಕಿತು.

ಬರ್ನರೇ ಮತ್ತು ಹೋಮೋರ್‌ಗಳಲ್ಲಿ ಹುಲ್ಲು ಹೊದಿಸಿದ ಮನೆಗಳೂ ಉಳಿದಿವೆ. ದ್ವೀಪದವರು ‘ಬ್ಲ್ಯಾಕ್‌ಹೌಸ್’ ಎನ್ನುವ ಹಳೆಯ ಮನೆಯ ಪರಂಪರೆ ಅದು. ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಎರಡು ಗೋಡೆ, ನಡುವೆ ತುಂಬಿದ ಮಣ್ಣು. ಮಾಡಿನ ಮೇಲೆ ಹಗ್ಗ ಹಾಯಿಸಿ ತುದಿಗೆ ಕಲ್ಲು ಕಟ್ಟಿ ಇಳಿಬಿಡುತ್ತಾರೆ, ಬಣವೆ ಹಾರದಂತೆ ನಮ್ಮ ರೈತರು ಭಾರ ಹೇರುವ ಹಾಗೆ. ಗೋಡೆಯ ಹೊರಮೈ ದಾಟಿ ಸೂರು ಚಾಚುವುದಿಲ್ಲ. ಚಾಚಿದರೆ ಗಾಳಿಗೆ ಹಿಡಿತ ಸಿಕ್ಕಿ ಮಾಡೇ ಕಿತ್ತುಹೋಗುತ್ತದೆ. ಹಿಂದಿನ ಕಾಲದಲ್ಲಿ ಹೊಗೆಗೂಡೂ ಇರುತ್ತಿರಲಿಲ್ಲ. ಜೌಗು ನೆಲದಿಂದ ಕಡಿದು ಒಣಗಿಸಿದ ಪೀಟ್‌ನ ಬೆಂಕಿ ಮನೆಯ ನಡುವೆ ಉರಿಯುತ್ತಿತ್ತು; ಅದೇ ಸೂರಿನಡಿ ಒಂದು ತುದಿಯಲ್ಲಿ ದನಗಳು. ಇವತ್ತಿನ ಹಾಸ್ಟೆಲ್‌ನಲ್ಲಿ ದನವೂ ಇಲ್ಲ, ಹೊಗೆಯೂ ಇಲ್ಲ. ಅಡುಗೆಮನೆ, ಸ್ನಾನಕ್ಕೆ ನೀರು ಎಲ್ಲ ಇದೆ.

ಮೂರರಲ್ಲಿ ನನ್ನ ಮತ ರೆನಿಗಿಡೇಲ್‌ಗೆ. ಹುಲ್ಲಿನ ಮಾಡಿಲ್ಲದ ಸಾದಾ ಬಿಳಿ ಮನೆ, ಚಿತ್ರ ತೆಗೆಯುವವರಿಗೆ ಬರ್ನರೇಯಷ್ಟು ಹಿಡಿಸಲಿಕ್ಕಿಲ್ಲ. ಆದರೆ ಅಲ್ಲಿಗೆ ಹೋಗುವ ದಾರಿಯದೇ ಒಂದು ಕಥೆ. ಬೆರಳೆಣಿಕೆಯ ಮನೆಗಳ ಈ ಊರಿಗೆ ವಾಹನದ ರಸ್ತೆ ಬಂದದ್ದು 1990ರ ಸುಮಾರಿಗೆ! ಅಲ್ಲಿಯವರೆಗೆ ದೋಣಿ ಹಿಡಿಯಬೇಕು, ಇಲ್ಲವೇ ಟಾರ್ಬರ್ಟ್ ಕಡೆಯಿಂದ ಗುಡ್ಡ ಹತ್ತಿ, ಕಡಲಿನವರೆಗೆ ಹಾವಿನಂತೆ ತಿರುವು ತಿರುವಾಗಿ ಇಳಿಯುವ ಕಾಲುದಾರಿಯಲ್ಲಿ ನಡೆಯಬೇಕು. ಅಂಚೆಯವನು ಪತ್ರಗಳ ಚೀಲ ಹೊತ್ತು ನಡೆಯುತ್ತಿದ್ದುದೂ ಇದೇ ದಾರಿಯಲ್ಲಿ. ಈಗ ಕಾರಿನಲ್ಲಿ ಹೋಗಬಹುದು. ಹೋಗಬಾರದು ಎನ್ನುವುದು ನನ್ನ ಅಭಿಪ್ರಾಯ.

ಈ ಹಾಸ್ಟೆಲ್‌ಗಳಲ್ಲಿ ಉಳಿದುಕೊಂಡು ಕಾಯುವ ಮೇಲ್ವಿಚಾರಕರಿಲ್ಲ. ಊರಿನವರೇ ಬಂದು ನೋಡಿಕೊಂಡು ಹೋಗುತ್ತಾರೆ. ದಶಕಗಳ ಕಾಲ ಮುಂಗಡ ಬುಕಿಂಗ್ ಎಂಬುದೇ ಇರಲಿಲ್ಲ; ಬಂದವರು ಖಾಲಿಯಿದ್ದ ಮಂಚ ಹಿಡಿಯುವುದು, ಬಾಡಿಗೆಯನ್ನು ಡಬ್ಬಿಗೆ ಹಾಕುವುದು. ಬೇಸಿಗೆಯಲ್ಲಿ ಮಂಚ ತುಂಬಿದರೆ ಬರ್ನರೇಯಲ್ಲಿ ಹೊರಗೆ ಗುಡಾರ ಹಾಕಿಕೊಳ್ಳಬಹುದು. ಗುಡಾರದ ವಿಷಯದಲ್ಲಿ ಸ್ಕಾಟ್ಲೆಂಡ್ ಉದಾರಿ. 2003ರ ಭೂಸುಧಾರಣಾ ಕಾಯ್ದೆಯ ಪ್ರಕಾರ ಜವಾಬ್ದಾರಿಯಿಂದ ನಡೆದುಕೊಳ್ಳುವ ಯಾರೇ ಆಗಲಿ, ಬೇಲಿ ಹಾಕಿದ ಮನೆಯಂಗಳ, ಬೆಳೆ ನಿಂತ ಹೊಲ ಬಿಟ್ಟು, ಹೆಚ್ಚಿನ ಕಡೆ ಕಾಲ್ನಡಿಗೆಯಲ್ಲಿ ಓಡಾಡಬಹುದು, ರಾತ್ರಿ ತಂಗಬಹುದು. ಬರ್ನರೇಯ ಪಶ್ಚಿಮ ದಡದ ಬಿಳಿ ಮರಳು ಎಷ್ಟು ಚೆಂದವೆಂದರೆ, ಒಮ್ಮೆ ಥಾಯ್ಲೆಂಡಿನ ಪ್ರವಾಸೋದ್ಯಮ ಪ್ರಚಾರದಲ್ಲಿ ಇದರ ಚಿತ್ರ ಅಲ್ಲಿನ ಬೀಚ್ ಎಂದು ತಪ್ಪಾಗಿ ಬಳಕೆಯಾಗಿ ಸುದ್ದಿಯಾಗಿತ್ತು. ನೀರಿಗಿಳಿದ ಮೇಲೆ ಮಾತ್ರ ಥಾಯ್ಲೆಂಡ್ ಅಲ್ಲವೆಂದು ಮೈಗೆ ಗೊತ್ತಾಗುತ್ತದೆ. 1999ರಲ್ಲಿ ಸಮುದ್ರದ ಮೇಲೆ ಕಟ್ಟಿದ ಒಡ್ಡುದಾರಿ ಈ ದ್ವೀಪವನ್ನು ನಾರ್ತ್ ಉಯಿಸ್ಟ್‌ಗೆ ಜೋಡಿಸಿದೆ.

ಭಾನುವಾರದ ಬಗ್ಗೆ ಎಚ್ಚರ ಬೇಕು. ಲೂಯಿಸ್, ಹ್ಯಾರಿಸ್, ನಾರ್ತ್ ಉಯಿಸ್ಟ್‌ಗಳಲ್ಲಿ ಕಟ್ಟುನಿಟ್ಟಿನ ಪ್ರಾಟೆಸ್ಟೆಂಟರೇ ಹೆಚ್ಚು. ಸೌತ್ ಉಯಿಸ್ಟ್, ಬ್ಯಾರಾಗಳಲ್ಲಿ ಕ್ಯಾಥೊಲಿಕರು. ಉತ್ತರದ ದ್ವೀಪಗಳಲ್ಲಿ ಭಾನುವಾರವೆಂದರೆ ಪ್ರಾರ್ಥನೆ ಮತ್ತು ವಿರಾಮ. ಲೂಯಿಸ್‌ನ ಸ್ಟೋರ್ನೊವೇಯಿಂದ ಮುಖ್ಯಭೂಮಿಯ ಉಲ್ಲಪೂಲ್‌ಗೆ ಭಾನುವಾರ ಹಡಗು ಬಿಡಲು ಶುರುವಾದದ್ದೇ 2009ರಲ್ಲಿ, ಅದೂ ವಿರೋಧದ ನಡುವೆ. ಆ ದಿನ ಬರುವುದು, ಹೊರಡುವುದು ಬೇಡವೆಂದು ಅಲ್ಲಿನ ಹಾಸ್ಟೆಲ್‌ಗಳು ಅತಿಥಿಗಳನ್ನು ಕೇಳಿಕೊಳ್ಳುತ್ತಿದ್ದವು. ಕೆಲವರಿಗೆ ಇದು ಕಿರಿಕಿರಿ. ಅವರ ಊರಿಗೆ ಹೋದವರು ನಾವಲ್ಲವೇ?

ಹೊರಡುವವರಿಗೆ ಮೇ, ಜೂನ್ ಒಳ್ಳೆಯ ಕಾಲ. ಜೂನ್‌ನಲ್ಲಿ ರಾತ್ರಿ ಹತ್ತರ ನಂತರವೂ ಬೆಳಕಿರುತ್ತದೆ. ಮಿಡ್ಜ್ ಎಂಬ ಕಚ್ಚುವ ನೊರಜಿನ ಹಾವಳಿ ಆಮೇಲೆ ಜೋರಾಗುತ್ತದೆ. ಗಾಳಿ ನಿಂತ ಸಂಜೆ ಮುಖಕ್ಕೆ ಬಲೆಯಿಲ್ಲದೆ ಕೂರಲಾಗದು. ಬಿರುಗಾಳಿಗೆ ಹಡಗು ರದ್ದಾಗುವುದು ಅಲ್ಲಿ ಮಾಮೂಲು, ಹಾಗಾಗಿ ಮರಳಿ ಬರುವ ವಿಮಾನಕ್ಕೆ ಮುಂಚೆ ಒಂದೆರಡು ದಿನ ಕೈಯಲ್ಲಿರಲಿ. ತಂಗುವ ನಿಯಮಗಳನ್ನು ಟ್ರಸ್ಟ್‌ನ ಜಾಲತಾಣದಲ್ಲಿ ನೋಡಿಕೊಂಡೇ ಹೊರಡಿ. ಇನ್ನೊಂದು ಮಾತು: ಅಕ್ಕಿ, ಬೇಳೆ, ಬ್ರೆಡ್ಡನ್ನೆಲ್ಲ ಗ್ಲಾಸ್ಗೋದ ಸೂಪರ್‌ಮಾರ್ಕೆಟ್‌ನಲ್ಲೇ ಕಟ್ಟಿಕೊಂಡು ಹೋಗಬೇಡಿ. ಒಂದಷ್ಟನ್ನಾದರೂ ದ್ವೀಪದ ಅಂಗಡಿಯಲ್ಲಿ ಕೊಳ್ಳಿ. ಹಾಸ್ಟೆಲ್ ನೋಡಿಕೊಳ್ಳುವವರೂ ತಮ್ಮ ಸಾಮಾನು ತರುವುದು ಅಲ್ಲಿಂದಲೇ.